ಕಸದ ಅನಿಲವೂ ಕಚ್ಚಾವಸ್ತುವೇ

ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಮಾರಾಟವಾಗದೆ ಉಳಿದ ಸೊಪ್ಪೂ, ಬನಶಂಕರಿಯ ಉಪಾಹಾರಗೃಹಗಳ ಎಂಜಲೆಲೆಯೂ, ಜೆ.ಪಿ. ನಗರದ ಅಡುಗೆಮನೆಗಳ ಸಿಪ್ಪೆಯೂ ಗಾಳಿಯಾಡದ ರಾಶಿಯಲ್ಲಿ ಕೊಳೆತಾಗ ಹೊರಡುವ ಮೀಥೇನ್ ಅನಿಲವು, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಗಣಿಸಿದರೆ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಅಧಿಕವಾಗಿ ಭೂಮಿಯನ್ನು ಕಾಯಿಸುತ್ತದೆ. ಈ ಅನರ್ಥಕಾರಿಯನ್ನೇ ಆಹಾರವಾಗಿ ಸೇವಿಸುವ ಬ್ಯಾಕ್ಟೀರಿಯಾಗಳು ಕೆರೆಯ ಕೆಸರಿನಲ್ಲಿಯೂ ಭತ್ತದ ಗದ್ದೆಯಲ್ಲಿಯೂ ಉಂಟು. ಅವು ತಮ್ಮೊಳಗಿನ ಒಂದು ಕಿಣ್ವದ ಬಲದಿಂದ ಮೀಥೇನನ್ನು ಮೊದಲು ಮೆಥನಾಲ್ ಆಗಿ ಮಾರ್ಪಡಿಸಿ, ಅನಂತರ ಅದರ ಇಂಗಾಲದಿಂದ ಸ್ವಶರೀರದ ಪ್ರೋಟೀನನ್ನು ಕಟ್ಟಿಕೊಳ್ಳುತ್ತವೆ. ಕಾರ್ಖಾನೆಗಳು ತೀವ್ರವಾದ ಉಷ್ಣದಿಂದಲೂ ಒತ್ತಡದಿಂದಲೂ ಸಾಧಿಸುವ ಕಾರ್ಯವನ್ನು ಕಣ್ಣಿಗೆ ಕಾಣದ ಜೀವಿಯೊಂದು ಸದ್ದಿಲ್ಲದೆ ನೆರವೇರಿಸುವುದು ನನಗೆ ಇಂದಿಗೂ ವಿಸ್ಮಯವೇ.

ಈ ತತ್ತ್ವವನ್ನು ಆಶ್ರಯಿಸಿ, 2013ರಲ್ಲಿ ಎಳಿಲ್ ಸುಬ್ಬಿಯನ್ ಮತ್ತು ವಿನೋದ್ ಕುಮಾರ್ ಅವರು ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿಸಿದ ಸ್ಟ್ರಿಂಗ್ ಬಯೋ ಸಂಸ್ಥೆಯು ಮೀಥೇನಿನಿಂದ ಪಶುಗಳ, ಮೀನುಗಳ ಮೇವಿಗೆ ಬೇಕಾದ ಪ್ರೋಟೀನನ್ನು ತಯಾರಿಸುವ ವಿದ್ಯೆಯನ್ನು ರೂಪಿಸಿತು. ಚೀನಾದಲ್ಲಿಯೂ 2018ರಲ್ಲಿ ಉಕ್ಕಿನ ಕಾರ್ಖಾನೆಯೊಂದರ ತ್ಯಾಜ್ಯ ಅನಿಲವನ್ನು ಬ್ಯಾಕ್ಟೀರಿಯಾಗಳಿಂದ ಎಥನಾಲ್ ಆಗಿಸುವ ವಾಣಿಜ್ಯ ಘಟಕ ಆರಂಭವಾಯಿತು.

ವಿದ್ಯೆಯೇನೋ ಮನೆಬಾಗಿಲಿನಲ್ಲಿದೆ; ಆದರೆ ಮಾವಳ್ಳಿಪುರ, ಮಂಡೂರುಗಳ ಜನ ತಮ್ಮೂರಿನಲ್ಲಿ ಸುರಿದ ನಮ್ಮ ಕಸದ ದುರ್ಗಂಧವನ್ನು ವರ್ಷಗಟ್ಟಲೆ ಸಹಿಸಿದ ಮೇಲೆಯೂ ನಮಗೆ ವಿವೇಕ ಪೂರ್ಣವಾಗಿ ಬಂದಿಲ್ಲ. ಹಸಿಕಸವನ್ನು ಮನೆಯಲ್ಲಿಯೇ ಬೇರ್ಪಡಿಸದಿದ್ದರೆ ಉಪಯುಕ್ತವಾದ ಅನಿಲ ದೊರೆಯದು. ಆದುದರಿಂದ ನಗರಾಡಳಿತವು ಹಸಿಕಸದ ಜೈವಿಕ ಅನಿಲ ಘಟಕಗಳಿಗೆ ಗುತ್ತಿಗೆ ನೀಡುವಾಗ, ಅನಿಲವನ್ನೆಲ್ಲ ಉರಿಸಿಬಿಡದೆ, ಅದರಲ್ಲೊಂದು ಪಾಲನ್ನು ಇಂಥ ಜೈವಿಕ ಉದ್ಯಮಗಳಿಗೆ ದೀರ್ಘಕಾಲದ ಸ್ಥಿರದರದಲ್ಲಿ ಕಾದಿರಿಸತಕ್ಕದ್ದು.