ಕಡಲಿನ ಹವೆಯೂ ನಮ್ಮ ಒಕ್ಕಲುತನವೂ

ಮುಂಗಾರಿನ ದಿನಗಳಲ್ಲಿ ರೇಡಿಯೋದ ಹವಾಮಾನ ವರದಿಯಲ್ಲಿ, ಅರಬ್ಬೀ ಸಮುದ್ರದ ಮೇಲೆ ಗಾಳಿಯು ಗಂಟೆಗೆ ಇಷ್ಟು ಕಿಲೋಮೀಟರು ವೇಗದಿಂದ ಬೀಸಲಿರುವುದೆಂದೂ, ಮೀನುಗಾರರು ಕಡಲಿಗೆ ಇಳಿಯಬಾರದೆಂದೂ ಸಾರುವುದುಂಟು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಗೃಹಸ್ಥರಲ್ಲಿ ಅನೇಕರು, ಈ ಮಾತು ಮಂಗಳೂರು ಮಲ್ಪೆಗಳ ಜನಕ್ಕೆ ಸೇರಿದ್ದೆಂದು ಭಾವಿಸಿ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಹೆಗ್ಗಡದೇವನಕೋಟೆಯಿಂದ ಪಶ್ಚಿಮದ ಕಡಲಿಗೆ ಹಕ್ಕಿಯ ಹಾದಿಯಲ್ಲಿ ನೂರು ಮೈಲಿಯೂ ಇಲ್ಲ. ನಮ್ಮ ರಾಗಿ, ಹೊಗೆಸೊಪ್ಪು, ಹತ್ತಿ, ಭತ್ತ ಇವುಗಳ ಗತಿಯು ನಮ್ಮ ಹೊಲದ ಮೇಲಣ ಮೋಡದಿಂದ ಗೊತ್ತಾಗುವುದಕ್ಕೆ ಮೊದಲೇ ಆ ನೀರಿನ ಮೇಲೆ ಗೊತ್ತಾಗಿರುತ್ತದೆ. ಆದುದರಿಂದ ಕಡಲಿನ ವರದಿಯನ್ನು ಒಳನಾಡಿನವರು ಹೇಗೆ ಓದಬೇಕೆಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲು ಮಳೆಯ ಹಾದಿಯನ್ನು ನೋಡೋಣ. ಬೇಸಗೆಯಲ್ಲಿ ಉತ್ತರ ಹಿಂದೂಸ್ಥಾನದ ನೆಲವು ಕಾದು ಅಲ್ಲಿ ವಾಯುಭಾರವು ಕಡಿಮೆಯಾಗುತ್ತದೆ. ಅದೇ ಕಾಲದಲ್ಲಿ ಭೂಮಧ್ಯರೇಖೆಯ ದಕ್ಷಿಣಕ್ಕೆ, ಮಾರಿಷಸ್ ದ್ವೀಪದಿಂದಾಚೆ, ಚಳಿಗಾಲವಾದುದರಿಂದ ವಾಯುಭಾರವು ಹೆಚ್ಚಾಗಿರುತ್ತದೆ. ಅಲ್ಲಿಂದ ಹೊರಟ ಗಾಳಿಯು ಆಫ್ರಿಕದ ಕರಾವಳಿಯ ಬಳಿ ಭೂಮಧ್ಯರೇಖೆಯನ್ನು ದಾಟಿ, ಭೂಮಿಯ ತಿರುಗುವಿಕೆಯಿಂದಾಗಿ ಬಲಕ್ಕೆ ಹೊರಳಿ, ನೈರುತ್ಯದ ಗಾಳಿಯಾಗಿ, ಬೆಚ್ಚಗಿನ ಅರಬ್ಬೀ ಸಮುದ್ರದ ನೀರಾವಿಯನ್ನು ಹೊತ್ತು ತಂದು ಸಹ್ಯಾದ್ರಿಗೆ ಒಡೆಯುತ್ತದೆ. ಬೆಟ್ಟವನ್ನು ಏರುವಾಗ ತನ್ನ ಹೊರೆಯ ಬಹುಭಾಗವನ್ನು ಅಲ್ಲಿಯೇ ಸುರಿದುಬಿಡುತ್ತದೆ. ಆದುದರಿಂದಲೇ ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ, ಮೈಸೂರಿನಲ್ಲಿ ಸುಮಾರು 800 ಮಿಲಿಮೀಟರು ಮಾತ್ರ. ನಮ್ಮ ನಾಲ್ಕು ತಾಲ್ಲೂಕುಗಳು ಬೆಟ್ಟದ ಬೆನ್ನಿನ ಹಿಂದೆ ಇರುವುವು. ನಮಗೆ ಬರುವುದು ಉಳಿಕೆಯ ಪಾಲು. ಕಡಲಿನ ಗಾಳಿಯು ಸ್ವಲ್ಪ ಸೋತರೂ ಮೊದಲು ಬಡವಾಗುವುದು ಈ ಪಾಲೇ.

ಪಂಚಾಂಗದ ಮಳೆ ನಕ್ಷತ್ರಗಳನ್ನು ನಾವು ಹಗುರವಾಗಿ ಎಣಿಸುವವರಲ್ಲ. ಮೃಗಶಿರೆಯು ಜೂನ್ 7ನೆಯ ತಾರೀಖಿನ ಸುಮಾರಿಗೂ, ಆರಿದ್ರೆಯು 21ರ ಸುಮಾರಿಗೂ ಪ್ರವೇಶವಾಗುವುದು ಸೂರ್ಯನ ಗತಿಯಿಂದ. ಆದುದರಿಂದ ಅದು ವರ್ಷವರ್ಷವೂ ಹೆಚ್ಚು ಕಡಮೆ ಒಂದೇ. ಯಾವ ಕಾಲಕ್ಕೆ ಯಾವ ಮಳೆ ಬರಬೇಕೆಂಬ ತಲೆಮಾರುಗಳ ಅನುಭವವು ಅದರಲ್ಲಿ ಅಡಗಿದೆ. ಆದರೆ ಈ ವರ್ಷ ಅದು ಬಂದೀತೇ ಎಂಬುದನ್ನು ಸೂರ್ಯನು ಹೇಳನು, ಕಡಲು ಹೇಳುವುದು.

ಇದನ್ನು ನಮ್ಮ ಸೀಮೆಯು ಬಹಳ ಬೆಲೆ ತೆತ್ತು ಕಲಿತಿದೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಜನರ ಸುಮಾರು ಐದನೆಯ ಒಂದು ಪಾಲು ನಾಶವಾಯಿತೆಂದು ಎಣಿಸಲಾಗಿದೆ. ಆಗ ಹಿಂದೂಸ್ಥಾನದ ಹವಾಮಾನ ಇಲಾಖೆಗೆ ಇನ್ನೂ ಬಾಲ್ಯ. ಅದು ಸ್ಥಾಪಿತವಾದುದು 1875ರಲ್ಲಿ. ಮುಂಗಾರಿನ ಮುನ್ಸೂಚನೆಯನ್ನು ಕ್ರಮವಾಗಿ ಪ್ರಕಟಿಸತೊಡಗಿದ್ದು 1886ರಲ್ಲಿ. 1904ರಲ್ಲಿ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರರು, ಶಾಂತಸಾಗರದ ವಾಯುಭಾರಕ್ಕೂ ನಮ್ಮ ಮಳೆಗೂ ಸಂಬಂಧವಿರುವುದನ್ನು ತೋರಿಸಿಕೊಟ್ಟರು. ಪೆರು ದೇಶದ ಕಡೆಯ ನೀರು ಎಂದಿಗಿಂತ ಬೆಚ್ಚಗಾಗುವ ಎಲ್ ನಿನೋ ವರ್ಷಗಳಲ್ಲಿ ನಮ್ಮ ಮುಂಗಾರು ಅನೇಕ ಸಲ ಸೊರಗುವುದೆಂದು ಈಗ ತಿಳಿದಿದೆ. 1877 ಅಂತಹ ವರ್ಷವೇ ಆಗಿತ್ತು. ಹಿಂದೆ ಹಡಗಿನವರ ದಿನಚರಿಯಿಂದ ಸಂಗ್ರಹಿಸುತ್ತಿದ್ದ ಸಂಗತಿಗಳನ್ನು ಇಂದು ಉಪಗ್ರಹಗಳೂ, ಲಂಗರು ಹಾಕಿದ ತೇಲುಬುರುಡೆಗಳೂ, ಎರಡು ಸಾವಿರ ಮೀಟರು ಆಳದವರೆಗೆ ಮುಳುಗಿ ಹತ್ತು ದಿನಗಳಿಗೊಮ್ಮೆ ಮೇಲೆದ್ದು ನೀರಿನ ಉಷ್ಣತೆಯನ್ನು ತಿಳಿಸುವ ಯಂತ್ರಗಳೂ ಒದಗಿಸುತ್ತಿವೆ. ಅಲೆಗಳ ಎತ್ತರವನ್ನೂ ಕಡಲಿನ ಸ್ಥಿತಿಯನ್ನೂ ಮುಂದಾಗಿ ತಿಳಿಸುವ ಸಂಸ್ಥೆಯು ಹೈದರಾಬಾದಿನಲ್ಲಿದೆ.

ಇನ್ನು ಗೃಹಸ್ಥರು ಮುಖ್ಯವಾಗಿ ಗಮನಿಸಬೇಕಾದ ಮೂರು ಕಾಲಗಳನ್ನು ಹೇಳುವೆವು.

ಮೊದಲನೆಯದು ಮೇ ಜೂನ್ ತಿಂಗಳುಗಳು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಸಸಿಗಳು ಮಡಿಯಲ್ಲಿ ಸಿದ್ಧವಾಗಿ ನಾಟಿಗೆ ಕಾಯುತ್ತಿರುವಾಗ ಎರಡು ದಿನ ಒಳ್ಳೆಯ ಮಳೆ ಸುರಿಯಿತೆಂದರೆ, ಮುಂಗಾರೇ ಬಂದಿತೆಂದು ಮನಸ್ಸು ಹಿಗ್ಗುವುದು ಸಹಜ. ಆಗ ಕೇಳಬೇಕಾದ ಪ್ರಶ್ನೆ ಒಂದು: ಈ ಮಳೆಯನ್ನು ತಂದುದು ಮುಂಗಾರಿನ ಗಾಳಿಯೋ, ಹಾದುಹೋಗುವ ಚಂಡಮಾರುತವೋ? 2021ರ ಮೇ ತಿಂಗಳ ನಡುವೆ ‘ತೌಕ್ತೆ’ಯು ನಮ್ಮ ಕರಾವಳಿಯ ಆಚೆ ಹಾದು, ಬಿರುಮಳೆಯನ್ನು ಸುರಿಸಿ, 17ರಂದು ಗುಜರಾತನ್ನು ಹೊಡೆಯಿತು. ಚಂಡಮಾರುತದ ಮಳೆಗೆ ಹಿಂದೆ ಬರುವ ಪರಿವಾರವಿಲ್ಲ. ಕೆಲವು ಸಲ ಅದು ಗಾಳಿಯ ತೇವವನ್ನೇ ತನ್ನತ್ತ ಸೆಳೆದು ಮುಂಗಾರಿನ ಮುನ್ನಡೆಯನ್ನು ತಡೆಯುವುದೂ ಉಂಟು. 2019ರ ಜೂನಿನಲ್ಲಿ ‘ವಾಯು’, 2023ರ ಜೂನಿನಲ್ಲಿ ‘ಬಿಪರ್‌ಜಾಯ್’ ಅರಬ್ಬೀ ಸಮುದ್ರದಲ್ಲಿ ಎದ್ದು ಉತ್ತರಕ್ಕೆ ಸಾಗಿದುವು. ಜೂನ್ 1ಕ್ಕೆ ಕೇರಳವನ್ನು ಸೇರಬೇಕಾದ ಮುಂಗಾರು ಆ ಎರಡು ವರ್ಷಗಳಲ್ಲಿಯೂ 8ರಂದು ಸೇರಿತು. ಮುಂದಿನ ಪಯಣವೂ ನಿಧಾನವಾಯಿತು. ಇಂತಹ ಸಮಯದಲ್ಲಿ ಇದ್ದ ಬಿತ್ತನೆಯ ರಾಗಿಯನ್ನೆಲ್ಲ ಒಂದೇ ಹದಕ್ಕೆ ಚೆಲ್ಲದೆ, ಸಸಿಯನ್ನೆಲ್ಲ ಒಂದೇ ದಿನ ಕಿತ್ತು ನೆಡದೆ, ಒಂದು ಪಾಲನ್ನು ಹಿಂದಿಟ್ಟುಕೊಳ್ಳುವುದು ವಿವೇಕ.

ಮುಂಗಾರು ಪ್ರವೇಶವೆಂಬುದಕ್ಕೆ ನಿಶ್ಚಿತವಾದ ಲಕ್ಷಣವಿದೆ. ಮಿನಿಕಾಯಿಯಿಂದ ಮಂಗಳೂರಿನವರೆಗೆ, ಕಾಸರಗೋಡಿನ ಕೂಡ್ಲೂ ಸೇರಿ, 14 ಮಳೆಮಾಪನ ಕೇಂದ್ರಗಳಿವೆ. ಮೇ 10ರ ಅನಂತರ ಇವುಗಳಲ್ಲಿ ನೂರಕ್ಕೆ 60ರಷ್ಟು ಕೇಂದ್ರಗಳಲ್ಲಿ ಎರಡು ದಿನ ಎಡೆಬಿಡದೆ ಎರಡೂವರೆ ಮಿಲಿಮೀಟರಿಗೆ ಕಡಮೆಯಿಲ್ಲದೆ ಮಳೆಯಾಗಬೇಕು; ಜೊತೆಗೆ ಕಡಲಿನ ಮೇಲೆ ಪಡುವಣ ಗಾಳಿಯು ಸಾಕಷ್ಟು ಎತ್ತರದವರೆಗೆ ಬಲವಾಗಿ ನೆಲೆಸಿರಬೇಕು, ಮೋಡವೂ ದಟ್ಟವಾಗಿ ಕವಿದಿರಬೇಕು. ಬರಿಯ ಮಳೆಯನ್ನು ನೋಡಿ ಇಲಾಖೆಯೇ ನಂಬುವುದಿಲ್ಲ, ನಾವೇಕೆ ನಂಬಬೇಕು?

ಎರಡನೆಯದು ಜುಲೈ ಆಗಸ್ಟ್ ತಿಂಗಳುಗಳು. ಲಕ್ಷ್ಮಣತೀರ್ಥವು ಕೊಡಗಿನ ಬೆಟ್ಟದಲ್ಲಿಯೂ, ಕಬಿನಿಯು ವಯನಾಡಿನಲ್ಲಿಯೂ ಹುಟ್ಟುವುದರಿಂದ, ನಮ್ಮ ಊರಿನಲ್ಲಿ ಬಿಸಿಲಿದ್ದರೂ ಹೊಳೆಯು ಉಕ್ಕಬಹುದು. ಬಂಗಾಳಾ ಕೊಲ್ಲಿಯಲ್ಲಿ ವಾಯುಭಾರವು ಕುಸಿದರೆ ಪಶ್ಚಿಮದ ಗಾಳಿಯು ಬಲಗೊಂಡು ಸಹ್ಯಾದ್ರಿಯಲ್ಲಿ ಮಳೆ ಹೆಚ್ಚುವುದು. 2019ರಲ್ಲಿ ಜೂನ್ ತಿಂಗಳಿನಲ್ಲಿ ದೇಶದ ಮಳೆಯು ಮೂರನೆಯ ಒಂದು ಪಾಲು ಕಡಮೆಯಾಗಿತ್ತು. ಆಗಸ್ಟ್ ಮೊದಲ ಭಾಗದಲ್ಲಿ ಒಡಿಶಾದ ಕಡೆ ವಾಯುಭಾರ ಕುಸಿದಾಗ, ಅದೇ ವರ್ಷವೇ ಕೊಡಗು ವಯನಾಡುಗಳಲ್ಲಿ ಮಳೆ ಮಿತಿಮೀರಿ ಲಕ್ಷ್ಮಣತೀರ್ಥ ಕಬಿನಿಗಳು ದಡ ಮೀರಿ ಹರಿದುವು. ಆದುದರಿಂದ ಹೊಳೆಯ ದಡದವರು ಮೈಸೂರು ಜಿಲ್ಲೆಯ ಸೂಚನೆಯನ್ನಲ್ಲದೆ ಕೊಡಗು, ವಯನಾಡುಗಳ ಸೂಚನೆಯನ್ನೂ ನೋಡಬೇಕು. ಅಲ್ಲಿಗೆ ಕಿತ್ತಳೆ ಅಥವಾ ಕೆಂಪು ಬಣ್ಣದ ಎಚ್ಚರಿಕೆ ಬಂದಿತೆಂದರೆ, ದನಕರುಗಳನ್ನೂ ಪಂಪುಸೆಟ್ಟುಗಳನ್ನೂ ಎತ್ತರಕ್ಕೆ ಸಾಗಿಸುವುದಕ್ಕೆ ಅಣೆಕಟ್ಟಿನ ಬಾಗಿಲು ತೆರೆಯುವವರೆಗೆ ಕಾಯಬಾರದು.

ಮೂರನೆಯದು ನವಂಬರ್ ಡಿಸೆಂಬರ್. ಇದು ರಾಗಿ ಭತ್ತಗಳ ಕೊಯ್ಲಿನ ಕಾಲ. ಬಂಗಾಳಾ ಕೊಲ್ಲಿಯ ತುಫಾನುಗಳ ಕಾಲವೂ ಹೌದು. 2024ರ ನವಂಬರ್ 30ರ ರಾತ್ರಿ ಪುದುಚೇರಿಯ ಬಳಿ ನೆಲವನ್ನು ಮುಟ್ಟಿದ ‘ಫೆಂಗಲ್’ ದುರ್ಬಲವಾಗಿ ಪಶ್ಚಿಮಕ್ಕೆ ಸರಿದಾಗ, ಡಿಸೆಂಬರ್ ಮೊದಲ ದಿನಗಳಲ್ಲಿ ಮೈಸೂರು ಸೀಮೆಯಲ್ಲಿ ಜಡಿಮಳೆ ಹಿಡಿಯಿತು. ಕೊಯ್ದು ಹೊಲದಲ್ಲಿ ಹಾಸಿದ ತೆನೆಗೆ ಇಂತಹ ಮಳೆ ಮೂರು ದಿನ ಹಿಡಿದರೆ ಕಾಳು ಮೊಳೆಯುವುದು, ಹುಲ್ಲು ಕಪ್ಪಾಗುವುದು. ಮನೆಮಂದಿಯ ಅನ್ನವೂ ದನದ ಮೇವೂ ಒಟ್ಟಿಗೆ ಹೋಗುವುವು. ತಮಿಳುನಾಡಿನ ಕರಾವಳಿಗೆ ಚಂಡಮಾರುತವು ಬರುತ್ತಿದೆಯೆಂದು ಕೇಳಿದ ದಿನವೇ ಕೊಯ್ಲನ್ನು ನಿಲ್ಲಿಸಬೇಕು. ಕೊಯ್ದುದನ್ನು ಮೆದೆ ಒಟ್ಟಿ ಹೊದಿಸಬೇಕು.

ಮುನ್ಸೂಚನೆಗಳೆಲ್ಲವೂ ಒಂದೇ ಬೆಲೆಯವಲ್ಲವೆಂಬುದನ್ನೂ ತಿಳಿದಿರಬೇಕು. ಏಪ್ರಿಲ್ ತಿಂಗಳಿನಲ್ಲಿ ಹೇಳುವುದು ಇಡೀ ದೇಶದ ನಾಲ್ಕು ತಿಂಗಳ ಸರಾಸರಿ. 2023ರಲ್ಲಿ ವಾಡಿಕೆಯ ನೂರಕ್ಕೆ 96ರಷ್ಟು ಮಳೆಯೆಂದು ಹೇಳಲಾಗಿತ್ತು, 94ರಷ್ಟು ಆಯಿತು. ಲೆಕ್ಕವು ಹೆಚ್ಚು ಕಡಮೆ ಸರಿಯೇ. ಆದರೂ ಆ ವರ್ಷ ಕರ್ನಾಟಕದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಸಾರಬೇಕಾಯಿತು. ದೇಶದ ಸರಾಸರಿಯಿಂದ ಯಾರ ಹೊಲವೂ ನೆನೆಯುವುದಿಲ್ಲ. ಏಪ್ರಿಲಿನ ಮಾತನ್ನು ಸಾಲ ಮಾಡುವಾಗ ನೆನೆಯಬಹುದು. ಬಿತ್ತುವುದಕ್ಕೂ ಕೊಯ್ಯುವುದಕ್ಕೂ ಐದು ದಿನಗಳ ಜಿಲ್ಲಾ ಸೂಚನೆಯನ್ನೇ ನಂಬಬೇಕು. ಅದರ ಮಾತುಗಳಿಗೂ ಅಳತೆಯಿದೆ: ಒಂದೆರಡು ಕಡೆ ಎಂದರೆ ನೂರಕ್ಕೆ 25 ಕೇಂದ್ರಗಳಿಗೆ ಮೀರದೆ, ಬಹುತೇಕ ಕಡೆ ಎಂದರೆ 75ಕ್ಕೆ ಮಿಕ್ಕಿ, ಭಾರಿ ಮಳೆಯೆಂದರೆ ಒಂದು ದಿನದಲ್ಲಿ 64.5 ಮಿಲಿಮೀಟರು ಅಥವಾ ಹೆಚ್ಚು. ಒಂದೆರಡು ಕಡೆ ಎಂದು ಹೇಳಿದ ದಿನ ನಮ್ಮೂರಿಗೆ ಹನಿ ಬೀಳದಿದ್ದರೆ ಮುನ್ಸೂಚನೆಯು ಸುಳ್ಳಾದಂತಲ್ಲ. ಸಂದೇಹ ಬಂದಾಗ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ದೂರವಾಣಿಯಲ್ಲಿ ವಿಚಾರಿಸಬಹುದು.

ವಾಚಕರಲ್ಲಿ ನಮ್ಮ ವಿಜ್ಞಾಪನೆಯೊಂದಿದೆ. ಈ ಸೂಚನೆಗಳು ಓದಬಲ್ಲವರ ಕೈಗೆ ಮೊದಲು ಬರುವುವು. ನಷ್ಟವು ಓದಲಾರದವರ ಹೊಲಕ್ಕೆ ಮೊದಲು ತಟ್ಟುವುದು. ತಮ್ಮ ಮೆದೆಯನ್ನು ಹೊದಿಸಿದ ಬಳಿಕ ಪಕ್ಕದ ಹೊಲದವನಿಗೂ ಹೊಳೆಯ ದಡದ ಗುಡಿಸಲಿನವರಿಗೂ ಒಂದು ಮಾತು ಹೇಳಿಬರುವುದು ಅಕ್ಷರಸ್ಥರ ಕರ್ತವ್ಯ. ಅದಕ್ಕೆ ಹಿಡಿಯುವುದು ಅರ್ಧ ಗಳಿಗೆ. ಉಳಿಯುವುದು ಒಂದು ಸಂಸಾರದ ವರ್ಷದ ಅನ್ನ.