ಹೆಬ್ಬೆರಳಿಗೆ ಹಾರ, ಸಂಸಾರಕ್ಕೆ ಬಾಕಿ

ಕಲಾವಿದನಿಗೆ ಸನ್ಮಾನ ಅಂದ್ರೆ ಏನು? ಒಂದು ಶಾಲು, ಒಂದು ಗಂಧದ ಹಾರ, ಒಂದು ಬುಟ್ಟಿ ಹಣ್ಣು, ಅಧ್ಯಕ್ಷರ ಒಂದು ಗಂಟೆ ಭಾಷಣ. ಕೊನೆಗೆ ಕಲಾವಿದನಿಗೆ ಐದು ನಿಮಿಷ. ಅಷ್ಟರಲ್ಲಿ ಕಡೇ ಬಸ್ಸಿಗೆ ಹೊತ್ತಾಯ್ತು ಅಂತ ಅರ್ಧ ಸಭೆ ಖಾಲಿ. ಈ ನಾಟಕ ಯಾವ ಊರಿನವರಿಗೂ ಹೊಸದಲ್ಲ.

ಬೇರೆ ಥರ ಸನ್ಮಾನ ಮಾಡಿ ತೋರಿಸಿದವರೂ ಇದ್ದಾರೆ. ಅಮೆರಿಕದ ಗಿಟಾರ್ ವಾದಕರು ಐವತ್ತು ವರ್ಷಕ್ಕೂ ಮೇಲೆ ಒಬ್ಬನೇ ಮನುಷ್ಯನನ್ನು ನೆನೆಯುತ್ತಾ ಬಂದಿದ್ದಾರೆ. ಆತನ ಹೆಸರು ವೆಸ್ ಮಾಂಟ್ಗೊಮರಿ. ತೀರಿಕೊಂಡದ್ದು 1968ರಲ್ಲಿ. ಆ ನೆನಪಿನ ಕಥೆಯಲ್ಲಿ ಮೆಚ್ಚುವಂಥದೂ ಇದೆ, ನಾಚುವಂಥದೂ ಇದೆ. ಸನ್ಮಾನ ಸಮಿತಿಗಳವರು ಎರಡನ್ನೂ ತಿಳಿದಿರೋದು ಒಳ್ಳೇದು.

ಹಗಲು ಕಾರ್ಖಾನೆ, ರಾತ್ರಿ ಗಿಟಾರ್

ಮಾಂಟ್ಗೊಮರಿ ಹುಟ್ಟಿದ್ದು 1923ರಲ್ಲಿ, ಇಂಡಿಯಾನಾಪೊಲಿಸ್ ಎಂಬ ಊರಿನಲ್ಲಿ. ಸ್ವರಲಿಪಿ ಓದಲು ಬಾರದು. ಆರು ತಂತಿಯ ಗಿಟಾರ್ ಕೈಗೆ ಬಂದದ್ದೇ ಮದುವೆಯಾದ ಮೇಲೆ. ಚಾರ್ಲಿ ಕ್ರಿಶ್ಚಿಯನ್ ಎಂಬ ವಾದಕನ ರೆಕಾರ್ಡು ಕೇಳಿ ಕೇಳಿ, ಅದನ್ನೇ ಕೈಯಲ್ಲಿ ಇಳಿಸಿಕೊಂಡ. ರಾತ್ರಿ ಅಭ್ಯಾಸ ಮಾಡಿದ್ರೆ ಅಕ್ಕಪಕ್ಕದವರ ನಿದ್ದೆ ಕೆಡುತ್ತೆ ಅಂತ ಕಡ್ಡಿ ಬಿಟ್ಟು ಬರೀ ಹೆಬ್ಬೆರಳಲ್ಲಿ ಮೀಟಲು ಶುರು ಮಾಡಿದ ಅಂತ ಹೇಳ್ತಾರೆ. ನೆರೆಯವರಿಗೆ ಅಂಜಿ ಹಿಡಿದ ದಾರಿಯೇ ಕಡೆಗೆ ಆತನ ಗುರುತಾಯ್ತು. ಹೆಬ್ಬೆರಳಿನ ಆ ಮೆತ್ತನೆಯ ನಾದ ಬೇರೆ ಯಾರಿಗೂ ಸಿದ್ಧಿಸಲಿಲ್ಲ. ಮಂದ್ರದ ಸ್ವರವನ್ನೂ ಅದೇ ಸ್ವರದ ಮೇಲಿನ ಸ್ಥಾಯಿಯನ್ನೂ ಒಟ್ಟಿಗೇ ಮೀಟುತ್ತಾ ಓಡುವುದು ಆತನ ಇನ್ನೊಂದು ವರಸೆ.

ಏಳು ಮಕ್ಕಳ ಸಂಸಾರ. ಬೆಳಗ್ಗೆ ಏಳರಿಂದ ಮಧ್ಯಾಹ್ನ ಮೂರರ ತನಕ ಕಾರ್ಖಾನೆ ಕೆಲಸ. ರಾತ್ರಿ ಟರ್ಫ್ ಬಾರ್‌ನಲ್ಲಿ ಗಿಟಾರ್. ಅದು ಮುಗಿದ ಮೇಲೆ ಮಿಸೈಲ್ ರೂಂ ಎಂಬ ಇನ್ನೊಂದು ಕ್ಲಬ್ಬಿನಲ್ಲಿ ಬೆಳಗಿನ ಜಾವದ ತನಕ. ನಿದ್ದೆ ಯಾವಾಗ ಮಾಡ್ತಿದ್ದ ಅನ್ನೋದನ್ನು ದೇವರೇ ಬಲ್ಲ.

1959ರಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಎಂಬ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಆ ಊರಿಗೆ ಬಂದವನು ಈತನನ್ನು ಕೇಳಿದ. ಕೇಳಿ, ಚಪ್ಪಾಳೆ ತಟ್ಟಿ ಊರಿಗೆ ಹೋಗಲಿಲ್ಲ. ರಿವರ್‌ಸೈಡ್ ರೆಕಾರ್ಡ್ ಕಂಪನಿಯ ಓರಿನ್ ಕೀಪ್‌ನ್ಯೂಸ್‌ಗೆ ಹೇಳಿ ಒಪ್ಪಂದ ಆಗುವಂತೆ ನೋಡಿಕೊಂಡ. ಮಾಂಟ್ಗೊಮರಿಗೆ ಆಗ 36 ವರ್ಷ. ಬದುಕಿದ್ದಾಗ ಆತನಿಗೆ ಸಿಕ್ಕ ನಿಜವಾದ ಸನ್ಮಾನ ಅದು. ಒಬ್ಬ ಕಲಾವಿದ ಇನ್ನೊಬ್ಬ ಕಲಾವಿದನಿಗೆ ಕೆಲಸ ಕೊಡಿಸಿದ.

ದುಡಿದದ್ದೇ ತಪ್ಪಾಯ್ತೇ?

ಮುಂದೆ ನಿರ್ಮಾಪಕ ಕ್ರೀಡ್ ಟೇಲರ್ ಜೊತೆ ಸೇರಿ ಮಾಂಟ್ಗೊಮರಿ ಜನ ಗುನುಗುವ ಹಾಡುಗಳನ್ನೇ ವಾದ್ಯಮೇಳದ ಜೊತೆ ನುಡಿಸತೊಡಗಿದ. 1966ರ ಸಾಲಿನ ಗ್ರ್ಯಾಮಿ ಪ್ರಶಸ್ತಿ ಬಂತು. 1967ರಲ್ಲಿ ಬೀಟಲ್ಸ್ ತಂಡದ 'ಎ ಡೇ ಇನ್ ದ ಲೈಫ್' ನುಡಿಸಿದ ರೆಕಾರ್ಡು ಜಾಝ್ ಮಾರಾಟದ ಪಟ್ಟಿಯ ತುದಿಗೆ ಏರಿತು. ಹೋಟೆಲುಗಳಲ್ಲಿ, ಕಾರಿನ ರೇಡಿಯೋಗಳಲ್ಲಿ ಮುಂದೆ 'ಸ್ಮೂತ್ ಜಾಝ್' ಅನ್ನಿಸಿಕೊಂಡ ಹಿತವಾದ ಸಂಗೀತಕ್ಕೆ ಬುನಾದಿ ಬಿದ್ದದ್ದು ಇಲ್ಲೇ ಅಂತ ಬಲ್ಲವರು ಹೇಳ್ತಾರೆ.

ಆಗ ವಿಮರ್ಶಕರು ಏನಂದ್ರು? ಕಲೆ ಮಾರಿಕೊಂಡ ಅಂದ್ರು. ಇಪ್ಪತ್ತು ವರ್ಷ ಹಗಲು ರಾತ್ರಿ ದುಡಿದು ಬಳಲಿದ ಮನುಷ್ಯ ಸಂಸಾರ ನೆಟ್ಟಗಾಗಲಿ ಅಂತ ನಾಲ್ಕು ಜನಕ್ಕೆ ಹಿಡಿಸುವ ಹಾಡು ನುಡಿಸಿದರೆ ಅದು ಅಪರಾಧವೇ? ಗಿರಾಕಿ ಕೇಳಿದ ಮಾಲು ಕೊಟ್ಟ ಅಂಗಡಿಯವನನ್ನು ಯಾರೂ ಬಯ್ಯೋದಿಲ್ಲ. ತೂಕದಲ್ಲಿ ಮೋಸ ಮಾಡಿದರೆ ಮಾತ್ರ ಬಯ್ಯಬೇಕು. ಮಾಂಟ್ಗೊಮರಿಯ ತೂಕದಲ್ಲಿ ಮೋಸ ಇರಲಿಲ್ಲ. ಸಣ್ಣ ತಂಡ ಕಟ್ಟಿಕೊಂಡು ವೇದಿಕೆ ಏರಿದಾಗ ಅದೇ ಹೆಬ್ಬೆರಳು ಹಳೇ ಹುರುಪಿನಲ್ಲೇ ಓಡುತ್ತಿತ್ತು.

ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. 1968ರ ಜೂನ್ 15ರಂದು ಹೃದಯಾಘಾತ. ವಯಸ್ಸು 45.

ನುಡಿಸಿ ನೆನೆದವರು

ನೆನಪಿನ ಕೆಲಸ ಆಮೇಲೆ ಶುರುವಾಯ್ತು. ಪ್ಯಾಟ್ ಮಾರ್ಟಿನೊ 1972ರಲ್ಲೇ ಒಂದು ಇಡೀ ರೆಕಾರ್ಡನ್ನು ಆತನಿಗೆ ಅರ್ಪಿಸಿದ. 1978ರಲ್ಲಿ ಜಾರ್ಜ್ ಬೆನ್ಸನ್, ಸ್ಟೀವಿ ವಂಡರ್ ಕಟ್ಟಿದ 'ವೀ ಆಲ್ ರಿಮೆಂಬರ್ ವೆಸ್' ಎಂಬ ಕೃತಿಯನ್ನು ನುಡಿಸಿದ. ಬೆನ್ಸನ್ ಬೆಳೆದದ್ದು ಮಾಂಟ್ಗೊಮರಿ ಹಾಕಿಕೊಟ್ಟ ದಾರಿಯಲ್ಲೇ. ಹಿತವಾದ ಸಂಗೀತವನ್ನು ಕೋಟಿ ಜನಕ್ಕೆ ತಲುಪಿಸಿ, ಬೇರು ಎಲ್ಲಿದೆ ಅಂತ ಬಹಿರಂಗವಾಗಿ ಹೇಳಿದ. 1988ರಲ್ಲಿ ಎಮಿಲಿ ರೆಮ್ಲರ್ ಎಂಬ ಹೆಣ್ಣುಮಗಳು ಆತನ ಹೆಸರಲ್ಲೇ ಒಂದು ಆಲ್ಬಂ ತಂದಳು. ಎರಡೇ ವರ್ಷಕ್ಕೆ, 32ರ ವಯಸ್ಸಿನಲ್ಲಿ, ಆಕೆಯೂ ತೀರಿಕೊಂಡಳು.

ಲೀ ರಿಟೆನೌರ್ 1993ರಲ್ಲಿ 'ವೆಸ್ ಬೌಂಡ್' ತಂದ. ಅದರಲ್ಲಿ ಮಾಂಟ್ಗೊಮರಿಯ ಕೃತಿಗಳಿವೆ, ಜೊತೆಗೆ ರಿಟೆನೌರ್‌ನ ಸ್ವಂತದ್ದಿವೆ, ಜಮೈಕಾದ ಬಾಬ್ ಮಾರ್ಲಿಯ ಹಾಡೂ ಇದೆ. ಹಿರಿಯನ ದಾರಿಯಲ್ಲೇ ನಡೆದರೂ ಹೆಜ್ಜೆ ಮಾತ್ರ ತನ್ನದು. ನಕಲು ಮಾಡೋದು ಸನ್ಮಾನವಲ್ಲ, ಅದು ಬರೀ ಛಾಯಾಪ್ರತಿ ಅಂತ ತಿಳಿದವನ ಕೆಲಸ ಇದು. ತನ್ನ ಮಗನಿಗೂ ಆತ ವೆಸ್‌ನ ಹೆಸರನ್ನೇ ಇಟ್ಟ.

ಎಲ್ಲಕ್ಕಿಂತ ಮನಸ್ಸಿಗೆ ತಟ್ಟೋದು ಮಾರ್ಟಿನೊ ಕಥೆ. 1980ರಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ ಆಗಿ ಆತನ ನೆನಪೇ ಅಳಿಸಿಹೋಯ್ತು. ಗಿಟಾರ್ ಕೂಡ ಕೈಬಿಟ್ಟಿತು. ತನ್ನದೇ ಹಳೇ ರೆಕಾರ್ಡು ಹಾಕಿಕೊಂಡು, ಬೇರೆ ಯಾರದೋ ಪಾಠ ಕಲಿಯುವವನ ಹಾಗೆ ಮತ್ತೆ ಕಲಿತ. ಅಂಥವನು 2006ರಲ್ಲಿ ಮಾಂಟ್ಗೊಮರಿಗೆ ಇನ್ನೊಂದು ಆಲ್ಬಂ ಅರ್ಪಿಸಿದ. ಅದಕ್ಕೆ ಇಟ್ಟ ಹೆಸರು 'ರಿಮೆಂಬರ್'. ಅಂದ್ರೆ, ನೆನಪಿಡು. ನೆನಪು ಕಳಕೊಂಡವನ ಬಾಯಲ್ಲಿ ಆ ಮಾತಿಗೆ ಇರುವ ತೂಕ ಯಾವ ಅಭಿನಂದನ ಗ್ರಂಥಕ್ಕೆ ಬಂದೀತು? 2021ರಲ್ಲಿ ಮಾರ್ಟಿನೊ ಕೂಡ ಹೋದ.

ಲೆಕ್ಕ ಚುಕ್ತಾ ಆಗಬೇಕು

ಇನ್ನು ನಾಚುವಂಥ ಭಾಗ. ಮಾಂಟ್ಗೊಮರಿ 1965ರಲ್ಲಿ ನ್ಯೂಯಾರ್ಕಿನ ಹಾಫ್ ನೋಟ್ ಕ್ಲಬ್ಬಿನಲ್ಲಿ ಸಣ್ಣ ತಂಡದ ಜೊತೆ ನುಡಿಸಿದ್ದ ಸಂಗೀತದ ಮುದ್ರಣ ಕಂಪನಿಯ ಬಳಿ ಇತ್ತು. ಆತ ಸತ್ತ ಮೇಲೆ ಅದರಲ್ಲಿ ಕೆಲವಕ್ಕೆ ವಾದ್ಯಮೇಳ ಅಂಟಿಸಿ 1969ರಲ್ಲಿ ಮಾರಾಟಕ್ಕಿಟ್ಟರು. ಅದಕ್ಕೆ ಗ್ರ್ಯಾಮಿ ಕೂಡ ಬಂತು. ಹಾಕಬೇಕೋ ಬೇಡವೋ ಅಂತ ಕೇಳೋದಕ್ಕೆ ಮನುಷ್ಯನೇ ಇಲ್ಲ. ತೀರಿಹೋದವನ ತಲೆಗೆ ಜರಿ ಪೇಟ ಬಿಗಿದು ಫೋಟೋ ಹಿಡಿದ ಹಾಗಾಯ್ತು.

ಅದೇ 1965ರ ಮಾರ್ಚ್ 27ರಂದು ಪ್ಯಾರಿಸ್ಸಿನಲ್ಲಿ ಆತನ ಕಚೇರಿ ನಡೆದಿತ್ತು. ಫ್ರಾನ್ಸಿನ ಸರ್ಕಾರಿ ರೇಡಿಯೋದವರು ಅದನ್ನು ಮುದ್ರಿಸಿಕೊಂಡಿದ್ದರು. ವರ್ಷಗಟ್ಟಲೆ ಅದರ ಕಳ್ಳ ಪ್ರತಿಗಳು ಮಾರಾಟವಾದವು. ಮಾರಿದವರು ದುಡ್ಡು ಎಣಿಸಿದರು, ಮನೆಯವರಿಗೆ ಬಿಡಿಗಾಸಿಲ್ಲ. ಕಡೆಗೆ ರೆಸೊನೆನ್ಸ್ ಎಂಬ ಅಮೆರಿಕದ ಸಂಸ್ಥೆ ಫ್ರಾನ್ಸಿನ ದಾಖಲೆ ಸಂಗ್ರಹಾಲಯದ ಜೊತೆ ಮಾತಾಡಿ, ಕುಟುಂಬದ ಒಪ್ಪಿಗೆ ಪಡೆದು, ಸಲ್ಲಬೇಕಾದ ಹಣ ಸಲ್ಲಿಸಿ 2018ರಲ್ಲಿ ಅದನ್ನು ಸಿ.ಡಿ.ಯಾಗಿ ತಂದಿತು. ಕಚೇರಿ ಮುಗಿದು ಆಗ 53 ವರ್ಷ! ನಕಲಿ ಕ್ಯಾಸೆಟ್ಟುಗಳ ಕಾಲ ಕಂಡ ಅಂಗಡಿಯವರಿಗೆ ಈ ವ್ಯಾಪಾರದ ಒಳಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಲಾವಿದನ ಗೌರವ ಎಲ್ಲಿದೆ? ಆಡರ್ಲಿ ಮಾಡಿದ ಹಾಗೆ, ಬದುಕಿದ್ದಾಗ ಕೆಲಸ ಕೊಡಿಸುವುದರಲ್ಲಿದೆ. ರಿಟೆನೌರ್, ಮಾರ್ಟಿನೊ ಮಾಡಿದ ಹಾಗೆ, ಆತ ಬಿಟ್ಟುಹೋದದ್ದನ್ನು ನುಡಿಸಿ ಬೆಳೆಸುವುದರಲ್ಲಿದೆ. ಹೆಂಡತಿ ಮಕ್ಕಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸುವುದರಲ್ಲಿದೆ. ಜನಕ್ಕೆ ಹಿಡಿಸುವ ಹಾಗೆ ನುಡಿಸಿದ ಅನ್ನೋ ಒಂದೇ ಕಾರಣಕ್ಕೆ ಕಲಾವಿದನನ್ನು ಕೀಳಾಗಿ ಕಾಣದೆ ಇರುವುದರಲ್ಲೂ ಇದೆ.

ಸನ್ಮಾನ ಸಮಿತಿಗಳು ಈ ಲೆಕ್ಕವನ್ನು ಒಮ್ಮೆ ನೋಡಲಿ. ಭಾಷಣ ಅರ್ಧ ಗಂಟೆ ಕಡಿಮೆಯಾಗಲಿ, ಆ ಅರ್ಧ ಗಂಟೆ ಕಲಾವಿದನ ಕೃತಿಯನ್ನು ಎಳೆಯರು ನುಡಿಸಲಿ. ಹಣ್ಣಿನ ಬುಟ್ಟಿಯ ಜೊತೆ ಸಂಭಾವನೆಯ ಲಕೋಟೆಯೂ ಇರಲಿ. ಶಾಲಿನ ಬಿಲ್ಲನ್ನು ಜವಳಿ ಅಂಗಡಿಯವನು ಹೇಗೂ ವಸೂಲಿ ಮಾಡ್ತಾನೆ. ಕಲಾವಿದನ ಬಿಲ್ಲು ವಸೂಲಿ ಮಾಡೋರು ಯಾರು?