ಹೊಸ ಎಂಜಿನ್ನು ಪಳಗುವ ಕಾಲ

ಗದಗ ತಾಲ್ಲೂಕಿನ ಹಿರೇಹಂದಿಗೋಳದ ಎರೆಭೂಮಿಯಲ್ಲಿ ಒಕ್ಕಲುತನ ಮಾಡುವವರಿಗೆ ಹೋರಿಯನ್ನು ಪಳಗಿಸುವ ಬಗೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಳೆಯ ಹೋರಿಯನ್ನು ನುರಿತ ಎತ್ತಿನ ಜೊತೆಗೆ ನೊಗಕ್ಕೆ ಕಟ್ಟಿ ಮೊದಲು ಬರಿಯ ಬಂಡಿ, ಬಳಿಕ ಹಗುರಾದ ಕುಂಟೆ, ಕೊನೆಗೆ ರಂಟೆ ಎಂಬುದು ಕ್ರಮ. ಮೊದಲ ದಿನವೇ ರಂಟೆಗೆ ಹೂಡಿದರೆ ಅದರ ಹೆಗಲು ಹುಣ್ಣಾಗುತ್ತದೆ. ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸಿದರೆ ಅದು ದುಡಿಮೆಗೆ ಒಗ್ಗುವುದೇ ಇಲ್ಲ.

ಆದರೆ ಮನೆಗೆ ಹೊಸ ಟ್ರ್ಯಾಕ್ಟರು ಬಂದಾಗ ಈ ವಿವೇಕವು ಮರೆತುಹೋಗುವುದುಂಟು. ಪೂಜೆಯಾಗಿ, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ, ಒಬ್ಬನು ಅದನ್ನು ಅಂಗಳದಲ್ಲಿ ನಿಲ್ಲಿಸಿ ಗಂಟೆಗಟ್ಟಲೆ ಸುಮ್ಮನೆ ಓಡಿಸುತ್ತಾನೆ. ಮತ್ತೊಬ್ಬನು ಮರುದಿನವೇ ಪಲ್ಟಿ ನೇಗಿಲನ್ನು ಬಿಗಿದು ಗಟ್ಟಿಯಾದ ಎರೆಹೊಲಕ್ಕೆ ಇಳಿಸುತ್ತಾನೆ. ಮೊದಲನೆಯವನದು ಅತಿಯಾದ ಮಮತೆ. ಎರಡನೆಯವನದು ಅತಿಯಾದ ಅವಸರ. ಎಂಜಿನ್ನಿಗೆ ಎರಡೂ ಹಿತವಲ್ಲ.

ಇದಕ್ಕೆ ಕಾರಣವು ಸಿಲಿಂಡರಿನೊಳಗಿದೆ. ಅದರ ಒಳಗೋಡೆಯು ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಎಣ್ಣೆ ಹಿಡಿದು ನಿಲ್ಲಲೆಂದು ಕಾರ್ಖಾನೆಯಲ್ಲಿಯೇ ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೆರೆಗಳನ್ನು ಕೊರೆದಿರುತ್ತಾರೆ. ಪಿಸ್ಟನ್ನಿನ ಸುತ್ತಲಿನ ಉಂಗುರಗಳು ಈ ಗೋಡೆಗೆ ಉಜ್ಜಿ, ಗೆರೆಗಳ ಮೊನೆಯನ್ನು ಸವೆಸಿ, ಅದಕ್ಕೆ ಸರಿಯಾಗಿ ಹೊಂದಿಕೊಳ್ಳಬೇಕು. ಉರಿದ ಅನಿಲದ ಒತ್ತಡವೇ ಉಂಗುರಗಳನ್ನು ಗೋಡೆಗೆ ಒತ್ತಿಹಿಡಿಯುತ್ತದೆ. ಭಾರವಿಲ್ಲದೆ ಓಡಿದರೆ ಈ ಒತ್ತಡ ಸಾಲದು. ಉಂಗುರಗಳನ್ನು ದಾಟಿ ಮೇಲಕ್ಕೆ ಬಂದ ಎಣ್ಣೆಯು ಬೆಂದು, ಗೆರೆಗಳೊಳಗೆ ಗಾಜಿನ ಲೇಪದಂತೆ ಗಟ್ಟಿಯಾಗುತ್ತದೆ. ಮುಂದೆ ಆ ಎಂಜಿನ್ನು ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಕಾರುತ್ತದೆ. ಇದಕ್ಕೆ ವಿರುದ್ಧವಾಗಿ, ಹೊಂದಿಕೊಳ್ಳುವ ಮುನ್ನವೇ ಪೂರ್ಣ ಭಾರ ಹೇರಿದರೆ ಉಜ್ಜುವ ಭಾಗಗಳು ಅತಿಯಾಗಿ ಕಾಯುತ್ತವೆ. ಮೈ ಗೀರುಬೀಳುತ್ತದೆ, ಕೆಲವೊಮ್ಮೆ ಪಿಸ್ಟನ್ನು ಕಚ್ಚಿಕೊಂಡು ನಿಂತೇಬಿಡುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಮೋಟಾರು ಸೈಕಲುಗಳನ್ನು ಓಡಿಸಿದವರು ಈ ಪಾಠವನ್ನು ಚೆನ್ನಾಗಿ ಬಲ್ಲರು. ಅವುಗಳದು ಎರಡು ಸ್ಟ್ರೋಕಿನ ಎಂಜಿನ್ನು. ಎಣ್ಣೆಯು ಪೆಟ್ರೋಲಿನಲ್ಲಿಯೇ ಬೆರೆತು ಸಿಲಿಂಡರಿಗೆ ಹೋಗಬೇಕು. ಇಳಿಜಾರಿನಲ್ಲಿ ಗಾಡಿಯು ವೇಗವಾಗಿ ಉರುಳುತ್ತಿರುವಾಗ ಬಹಳ ಹೊತ್ತು ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿದರೆ, ಪೆಟ್ರೋಲಿನೊಂದಿಗೆ ಎಣ್ಣೆಯೂ ಕಡಮೆಯಾಗುತ್ತದೆ. ಹೊಸ ಎಂಜಿನ್ನಿಗೆ ಇದು ಇನ್ನಷ್ಟು ಅಪಾಯ. ಆದಕಾರಣ ಬಲ್ಲವರು ನಡುನಡುವೆ ಆಕ್ಸಿಲರೇಟರನ್ನು ತುಸು ತಿರುಗಿಸಿ ಎಣ್ಣೆ ಉಣಿಸುತ್ತಿದ್ದರು.

ಇಂದಿನ ಎಂಜಿನ್ನುಗಳ ಭಾಗಗಳು ಹಿಂದಿಗಿಂತ ಬಹು ನಿಖರವಾಗಿ ತಯಾರಾಗುತ್ತವೆ. ಆದರೂ ಪಳಗಿಸುವ ಕಾಲವು ಪೂರ್ಣವಾಗಿ ಇಲ್ಲವಾಗಿಲ್ಲ. ಕಾರಿಗೆ ಸಾಮಾನ್ಯವಾಗಿ ಮೊದಲ 1000 ಕಿಲೋಮೀಟರು, ಟ್ರ್ಯಾಕ್ಟರಿಗೆ ಮೊದಲ 50 ಗಂಟೆಗಳ ಕೆಲಸ ಎಂದು ಲೆಕ್ಕ. ಈ ಅವಧಿಯಲ್ಲಿ ಮಿತವಾದ ಭಾರವಿರಲಿ. ವೇಗವು ಏರುತ್ತ ಇಳಿಯುತ್ತ ಇರಲಿ. ಒಂದೇ ವೇಗದಲ್ಲಿ ಬಹುದೂರ ಓಡಿಸುವುದು, ಏರಿನಲ್ಲಿ ಮೇಲಿನ ಗೇರಿನಲ್ಲಿಯೇ ಏದುಸಿರು ಬಿಡಿಸುವುದು, ತಣ್ಣಗಿರುವಾಗಲೇ ಗರ್ಜಿಸುವಂತೆ ಮಾಡುವುದು, ಇವು ಮೂರೂ ಬೇಡ. ಟ್ರ್ಯಾಕ್ಟರಿಗೆ ಮೊದಲು ಹಗುರಾದ ಹರಗುವ ಕೆಲಸವನ್ನೋ ಮಿತವಾದ ಹೇರನ್ನೋ ಕೊಟ್ಟು, ಆಳವಾದ ಉಳುಮೆಯನ್ನು ಮುಂದಕ್ಕಿಡುವುದು ಲೇಸು.

ಪೇಟೆಯ ಕುಟುಂಬಗಳಲ್ಲಿ ಹೊಸ ಕಾರಿನ ಮೊದಲ ಪ್ರಯಾಣವು ಬಹುಮಟ್ಟಿಗೆ ದೇವರ ದರ್ಶನಕ್ಕೆ. ಗದುಗಿನಿಂದ ಧರ್ಮಸ್ಥಳಕ್ಕೆ ಹೊರಟರೆ ಘಟ್ಟವನ್ನು ಇಳಿಯಬೇಕು, ಮರಳುವಾಗ ಏರಬೇಕು. ಹೋಗಬಾರದೆಂದಲ್ಲ. ಐವರ ಕಾರಿನಲ್ಲಿ ಎಂಟು ಜನರನ್ನೂ ಅವರ ಗಂಟುಮೂಟೆಗಳನ್ನೂ ತುಂಬದಿದ್ದರೆ, ನಡುದಾರಿಯಲ್ಲಿ ವಿರಮಿಸಿದರೆ ಸಾಕು. ಹೊಸ ಬ್ರೇಕುಗಳೂ ಚಕ್ರಗಳೂ ಹೊಂದಿಕೊಳ್ಳಲು ತುಸು ದೂರ ಓಡಬೇಕೆಂಬುದನ್ನು ಘಟ್ಟದ ತಿರುವಿನಲ್ಲಿ ಮರೆಯಲಾಗದು.

ಇನ್ನು, ಉಜ್ಜುವಾಗ ಉದುರಿದ ಲೋಹದ ಕಣಗಳು ಮೊದಲ ಎಣ್ಣೆಯಲ್ಲಿ ಸೇರಿಕೊಂಡಿರುತ್ತವೆ. ಆದ್ದರಿಂದ ಮೊದಲ ತಪಾಸಣೆಯನ್ನು "ಗಾಡಿ ಹೊಸದು, ಏನಾದೀತು?" ಎಂದು ಮುಂದೂಡಬಾರದು. ಕೈಪಿಡಿಯಲ್ಲಿ ಹೇಳಿದ ಅವಧಿಗೆ ಅದನ್ನು ಮಾಡಿಸುವುದೇ ಉಳಿತಾಯ.

ಟ್ರ್ಯಾಕ್ಟರಾಗಲಿ ಕಾರಾಗಲಿ, ಹೆಚ್ಚಿನ ಮನೆಗಳಿಗೆ ಸಾಲದ ಮೇಲೆಯೇ ಬರುತ್ತದೆ. ಸಾಲದ ಕಂತುಗಳು ವರ್ಷಗಟ್ಟಲೆ ಸಾಗುತ್ತವೆ. ಮೊದಲ ಕೆಲವು ವಾರಗಳ ಬಳಕೆಯೂ ಎಂಜಿನ್ನಿನ ಆಯುಷ್ಯದ ಮೇಲೆ ಪರಿಣಾಮ ಬೀರುತ್ತದೆ. ಸಾಲ ತೀರುವ ಮುನ್ನವೇ ಎಂಜಿನ್ನು ಬಿಚ್ಚಿಸುವ ಪ್ರಸಂಗ ಬರಬಾರದೆಂದರೆ, ಹೋರಿಗೆ ತೋರುವ ತಾಳ್ಮೆಯನ್ನು ಯಂತ್ರಕ್ಕೂ ತೋರಬೇಕು.